ಗಡಿಯಾಚೆಯಿಂದ ಬಂದ ಬೆಕ್ಕು

ನ್ಯೂಯಾರ್ಕ್ ರಾಜ್ಯದ ನಂಬರ್ ಪ್ಲೇಟಿನ ಕಾರು ನಮ್ಮ ಆಸ್ಪತ್ರೆಯ ಮುಂದೆ ನಿಂತರೆ ನನಗೆ ಒಳಗೊಳಗೇ ಅನುಮಾನ ಶುರುವಾಗುತ್ತದೆ. ನಮ್ಮದು ಪೆನ್ಸಿಲ್ವೇನಿಯಾ. ಆಸ್ಪತ್ರೆಯಿಂದ ನಾಲ್ಕು ಮೈಲಿ ಉತ್ತರಕ್ಕೆ ಹೋದರೆ ಅವರ ಗಡಿ. ಬೆಕ್ಕಿನ ಉಗುರು ತೆಗೆಸುವುದನ್ನು ಅವರ ಸರ್ಕಾರ ಕಾನೂನು ಮಾಡಿ ನಿಲ್ಲಿಸಿದ ಮೇಲೆ ಅಲ್ಲಿಯವರು ಬೆಕ್ಕಿನ ಬುಟ್ಟಿ ಎತ್ತಿಕೊಂಡು ಇಲ್ಲಿಗೆ ಬರತೊಡಗಿದರು. ಹಾಗೆ ಬಂದವರು ಸುಮ್ಮನೆ ಬರುವುದಿಲ್ಲ, ಒಂದು ಕತೆ ಹೊತ್ತುಕೊಂಡು ಬರುತ್ತಾರೆ. ಒಬ್ಬಳು ಮಗುವಿನ ಕಣ್ಣಿಗೆ ಪರಚಿತು ಎನ್ನುತ್ತಾಳೆ, ಕೇಳಿದರೆ ಮಗುವಿಗೆ ಹತ್ತೊಂಬತ್ತು ವರ್ಷ. ಇನ್ನೊಬ್ಬ ಮನೆ ಮಾಲೀಕರ ಒತ್ತಾಯ ಎನ್ನುತ್ತಾನೆ, ಮಾತಿಗೆ ಮಾತು ಬಂದು ಹೊಸ ಚರ್ಮದ ಸೋಫಾದ ವಿಷಯ ಹೊರಗೆ ಬೀಳುತ್ತದೆ.

ನಾನು ರೋಂಡಾ ಪಾಸೆಕ್. ಡಾಕ್ಟರ್ ಎವರೆಟ್ ಸ್ಟಾಲ್ ಅವರ ಪ್ರಾಣಿ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಮುಂದಿನ ಮೇಜೂ ನನ್ನದೇ, ಹಿಂದಿನ ಕೋಣೆಯಲ್ಲಿ ಬೆಕ್ಕಿನ ಕಾಲು ಹಿಡಿಯುವ ಕೆಲಸವೂ ನನ್ನದೇ. ಉಗುರು ತೆಗೆಯುವುದು ಎಂದರೆ ಜನ ಉಗುರು ಮಾತ್ರ ಎಂದುಕೊಳ್ಳುತ್ತಾರೆ. ಹಾಗಲ್ಲ, ಮುಂಗಾಲಿನ ಒಂದೊಂದು ಬೆರಳಿನ ತುದಿಯ ಮೂಳೆಯನ್ನೂ ತೆಗೆಯಬೇಕು. ಮರುದಿನ ಪಟ್ಟಿ ಬಿಚ್ಚುವಾಗ ಬೆಕ್ಕುಗಳು ಕೂಗುವುದಿಲ್ಲ. ಗೂಡಿನ ಹಿಂಬದಿಗೆ ಒತ್ತಿಕೊಂಡು ಕೂತು ನಮ್ಮನ್ನು ನೋಡುತ್ತವೆ, ಅಷ್ಟೆ. ನನಗೆ ಆ ಕೆಲಸ ಇಷ್ಟವಿರಲಿಲ್ಲ. ಡಾಕ್ಟರಿಗೂ ಇಷ್ಟವಿರಲಿಲ್ಲ, ಆದರೂ ಮಾಡುತ್ತಿದ್ದರು. "ಉಗುರಿಲ್ಲದೆ ಮನೇಲಿರೋ ಬೆಕ್ಕು, ಉಗುರಿದ್ದು ಬೀದಿ ಪಾಲಾಗಿರೋ ಬೆಕ್ಕು, ಎರಡರಲ್ಲಿ ಯಾವುದು ವಾಸಿ ಹೇಳು ರೋಂಡಾ" ಎನ್ನುತ್ತಿದ್ದರು. ನಾನು ಬೆಕ್ಕಿನ ಕಾಲು ಹಿಡಿಯುತ್ತಿದ್ದೆ. ಅದಕ್ಕೇ ಇರಬೇಕು, ಬರುವವರ ಮೇಲೆ ಕಣ್ಣಿಡುವುದನ್ನು ಅಭ್ಯಾಸ ಮಾಡಿಕೊಂಡೆ.

ಮಾರ್ಚ್ ತಿಂಗಳ ಒಂದು ಮಂಗಳವಾರ, ರಸ್ತೆಯಂಚಿನಲ್ಲಿ ಹಿಮವೆಲ್ಲ ಕಪ್ಪಾಗಿ ಕೂತಿದ್ದ ದಿನ, ಗ್ಲೆಂಡಾ ಟಟ್ಲ್ ಬಂದರು. ಅರವತ್ತೈದರ ಆಸುಪಾಸು. ದಪ್ಪ ಕೋಟಿನ ಗುಂಡಿ ಕುತ್ತಿಗೆಯವರೆಗೆ ಹಾಕಿದ್ದರು. ಬೆಕ್ಕಿನ ಬುಟ್ಟಿಯನ್ನು ಟವೆಲಿನಿಂದ ಪೂರ್ತಿ ಮುಚ್ಚಿದ್ದರು, ಯಾರಾದರೂ ನೋಡಿಬಿಟ್ಟರೆ ಎನ್ನುವ ಹಾಗೆ.

"ಬೆಕ್ಕಿನ ಹೆಸರು?" ಎಂದೆ.

"ಪೆಬಲ್."

"ವಯಸ್ಸು?"

"ಆರೋ, ಏಳೋ."

"ಎಷ್ಟು ದಿನದಿಂದ ನಿಮ್ಮ ಹತ್ರ ಇದೆ?"

"ಮರಿಯಾಗಿದ್ದಾಗಿಂದ."

ಮರಿಯಿಂದ ಸಾಕಿದವರಿಗೆ ಆರೋ ಏಳೋ ಎನ್ನುವ ಗೊಂದಲ ಇರುವುದಿಲ್ಲ. ಹುಟ್ಟಿದ ತಿಂಗಳು ಸಮೇತ ಹೇಳುತ್ತಾರೆ. ನಾನು ಬರೆದುಕೊಂಡೆ.

"ರೇಬೀಸ್ ಚುಚ್ಚುಮದ್ದಿನ ಚೀಟಿ?"

"ಹಾಕ್ಸಿಲ್ಲ. ಅದು ಮನೆ ಬಿಟ್ಟು ಆಚೆ ಹೋಗೋದೇ ಇಲ್ಲ ಕಣ್ರೀ."

"ಯಾವ ಡಾಕ್ಟರ ಹತ್ರಾನೂ ತೋರಿಸಿಲ್ವಾ?"

"ಆರೋಗ್ಯವಾಗಿದೆಯಲ್ಲ."

ಟವೆಲ್ ಸರಿಸಿ ನೋಡಿದೆ. ಬೂದು ಬಣ್ಣದ ಬೆಕ್ಕು, ಎದೆಯ ಮೇಲೆ ಬಿಳಿ ಮಚ್ಚೆ, ಬಾಲದ ತುದಿ ಕೊಕ್ಕೆಯಂತೆ ಸೊಟ್ಟ. ಎಡಗಿವಿಯ ತುದಿ ಇರಲಿಲ್ಲ. ಅಂಚು ಉರುಟಾಗಿ ಒಣಗಿತ್ತು. ಅಂಥ ಕಿವಿಯನ್ನು ನಾನು ಪ್ರತಿ ಚಳಿಗಾಲದಲ್ಲೂ ನೋಡುತ್ತೇನೆ. ಹೊರಗೆ ಕೊರೆಯುವ ಚಳಿಗೆ ಸಿಕ್ಕಿದ ಬೆಕ್ಕುಗಳ ಕಿವಿ ಹಾಗಾಗುತ್ತದೆ.

"ಕಿವಿಗೆ ಏನಾಯ್ತು?"

"ಹುಟ್ಟಿದಾಗಿಂದ್ಲೂ ಹಾಗೇ."

"ಯಾಕೆ ಉಗುರು ತೆಗೆಸ್ತಾ ಇದೀರಿ?"

ಅವರು ನನ್ನ ಮುಖ ಬಿಟ್ಟು ನನ್ನ ಹಿಂದಿನ ಕ್ಯಾಲೆಂಡರ್ ನೋಡಿದರು. "ನನ್ನ ಗಂಡನಿಗೆ ಹೃದಯದ ಆಪರೇಷನ್ ಆಗಿದೆ. ರಕ್ತ ತೆಳ್ಳಗಾಗೋ ಮಾತ್ರೆ ತಗೋತಾರೆ. ಒಂದು ಗೀರು ಬಿದ್ರೆ ಸಾಕು, ಟವೆಲ್ ಮೇಲೆ ಟವೆಲ್ ನೆನೆಯುತ್ತೆ. ಡಾಕ್ಟ್ರು ಹೇಳಿದಾರೆ, ಒಂದೋ ಬೆಕ್ಕು, ಇಲ್ಲಾ ನೀನು ಅಂತ."

ಗಂಡ ಯಾಕೆ ಜೊತೆಗೆ ಬರಲಿಲ್ಲ ಎಂದು ಕೇಳಿದೆ. ಚಳಿ ಎಂದರು. ಒಪ್ಪಿಗೆಯ ಹಾಳೆ ಕೊಟ್ಟೆ. "ಈ ಪ್ರಾಣಿ ನನ್ನ ಸ್ವಂತದ್ದು" ಎಂಬ ಸಾಲಿನ ಮುಂದೆ ಅವರ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಸಹಿ ಹಾಕಿದರು. ಸಂಜೆ ಫೋನ್ ಮಾಡುತ್ತೇನೆ, ಮನೆಗೆ ಹೋಗಿ ಎಂದೆ. ಅವರು ಹೋಗಲಿಲ್ಲ. ಕಾರಿನಲ್ಲಿ ಎಂಜಿನ್ ಹಚ್ಚಿಕೊಂಡು ಕೂತರು. ಕಿಟಕಿಯಿಂದ ನೋಡಿದಾಗಲೆಲ್ಲ ಅವರ ಮುಖ ಆಸ್ಪತ್ರೆಯ ಬಾಗಿಲ ಕಡೆಗೇ ಇತ್ತು.

ನನಗೆ ಖಾತ್ರಿಯಾಯಿತು, ಈ ಬೆಕ್ಕು ಇವರದಲ್ಲ. ಪಕ್ಕದ ಮನೆಯವರ ಬೆಕ್ಕು ಇರಬಹುದು. ಅವರ ಮೇಲಿನ ಸಿಟ್ಟಿಗೆ ಕದ್ದು ತಂದಿರಬಹುದು. ಗಂಡನೇ ಇಲ್ಲದಿರಬಹುದು. ಬೆಕ್ಕನ್ನು ಹಿಂದಿನ ಕೋಣೆಗೆ ಒಯ್ದು ಅದರ ಹೆಗಲ ನಡುವೆ ಚಿಪ್ ಓದುವ ಯಂತ್ರ ಆಡಿಸಿದೆ. ಸಾಕಿದವರು ಚರ್ಮದ ಕೆಳಗೆ ಹಾಕಿಸುವ, ಅಕ್ಕಿಕಾಳಿನಷ್ಟು ಸಣ್ಣ ಚಿಪ್. ಅದರಲ್ಲಿರುವುದು ಒಂದು ಸಂಖ್ಯೆ. ಯಂತ್ರ ಬೀಪ್ ಎಂದು ಸಂಖ್ಯೆ ತೋರಿಸಿತು.

ಸಂಖ್ಯೆ ಹಿಡಿದು ಚಿಪ್ ನೋಂದಣಿ ಕಚೇರಿಗೆ ಫೋನ್ ಮಾಡಿದೆ. ಬೆಕ್ಕು ಟೆರೇಸಾ ವಾಸ್ ಎಂಬುವವರ ಹೆಸರಿನಲ್ಲಿತ್ತು. ಊರು ಬ್ರಾಡ್‌ಫರ್ಡ್, ನಮ್ಮಿಂದ ಒಂದು ಗಂಟೆ ದಾರಿ. ಬೆಕ್ಕಿನ ಹೆಸರು ನೂಡಲ್. ನಾಲ್ಕು ವರ್ಷದ ಕೆಳಗೆ ಕಳೆದುಹೋಗಿದೆ ಎಂದು ಬರೆಸಿದ್ದರು.

ಆಗ ನಾನು ಡಾಕ್ಟರಿಗೆ ಹೇಳಬೇಕಿತ್ತು. ಅವರು ಪಕ್ಕದ ಕೋಣೆಯಲ್ಲಿ ಒಂದು ನಾಯಿಯ ಹಲ್ಲು ನೋಡುತ್ತಿದ್ದರು, ಬಾಗಿಲು ತಟ್ಟಿದರೆ ಆಗುತ್ತಿತ್ತು. ಇಲ್ಲವೇ ಹೊರಗೆ ಕಾರಿನ ಹತ್ತಿರ ಹೋಗಿ ಗ್ಲೆಂಡಾ ಅವರನ್ನೇ ಕೇಳಬೇಕಿತ್ತು. ಎರಡೂ ಮಾಡಲಿಲ್ಲ. ಕಳ್ಳಿ ಸಿಕ್ಕಿದಳು ಎಂಬ ಉಮೇದಿನಲ್ಲಿ ನೇರ ಟೆರೇಸಾಗೆ ಫೋನ್ ಮಾಡಿದೆ.

ಆಕೆ ಶಾಲಾ ಬಸ್ಸಿನ ಡ್ರೈವರ್. ಬೆಳಗಿನ ಸುತ್ತು ಮುಗಿಸಿ ಬಸ್ ನಿಲ್ಲಿಸುತ್ತಿದ್ದಳಂತೆ. ವಿಷಯ ಹೇಳಿದೆ. ಆ ಕಡೆ ಬಸ್ಸಿನ ಎಂಜಿನ್ ಆರಿತು.

"ನೂಡಲ್ ಬದುಕಿದಾಳಾ?"

"ಚೆನ್ನಾಗಿದೆ. ಇಲ್ಲೇ ನನ್ನ ಮುಂದೆ ಇದೆ."

"ಯಾರ ಹತ್ರ ಇದ್ಲು ಇಷ್ಟು ದಿನ?"

"ಗಡಿಯಾಚೆಯ ಒಬ್ಬ ಹೆಂಗಸಿನ ಹತ್ರ. ಉಗುರು ತೆಗೆಸೋಕೆ ತಂದಿದಾರೆ."

ಈ ಕೊನೆಯ ಮಾತನ್ನು ನಾನು ಹೇಳಬೇಕಾಗಿರಲಿಲ್ಲ. ಆ ಕಡೆಯ ದನಿ ಬದಲಾಯಿತು. "ಕೇಳ್ರಿ ಇಲ್ಲಿ. ನಾನು ಬರೋವರೆಗೆ ಅದರ ಒಂದು ಕೂದಲು ಯಾರೂ ಮುಟ್ಟಕೂಡದು. ಆ ಹೆಂಗಸು ಹೋಗಕೂಡದು. ಆ ಮುಖ ನಾನು ನೋಡ್ಬೇಕು."

ಡಾಕ್ಟರ್ ಸ್ಟಾಲ್ ಕೈ ಒರೆಸಿಕೊಳ್ಳುತ್ತಾ ಬಂದಾಗ ಎಲ್ಲ ಹೇಳಿದೆ. ಶಹಬ್ಬಾಸ್ ಎನ್ನುತ್ತಾರೆಂದು ಕಾದೆ.

"ಹೊರಗೆ ಕೂತಿರೋರನ್ನ ಮೊದ್ಲು ಕೇಳೋದಲ್ವಾ?" ಎಂದರು.

"ಕೇಳಿದ್ರೆ ಬೆಕ್ಕು ಎತ್ಕೊಂಡು ಹೊರಟೇ ಹೋಗ್ತಿದ್ರು, ಡಾಕ್ಟ್ರೇ."

"ಹೋಗ್ತಿದ್ರೋ ಏನೋ. ನಿಂಗೆ ಗೊತ್ತಿರಲಿಲ್ಲ ಅಲ್ವಾ?"

"ನೋಡಿದ್ರೆ ಗೊತ್ತಾಗುತ್ತೆ. ಒಂದು ಮಾತೂ ನಿಜ ಹೇಳಿಲ್ಲ."

"ಉಗುರು ತೆಗೆಸೋರನ್ನ ಕಂಡ್ರೆ ನಿಂಗಾಗಲ್ಲ. ಅದಕ್ಕೆ ಅವರೆಲ್ಲ ನಿಂಗೆ ಕಳ್ಳರ ಥರಾನೇ ಕಾಣ್ತಾರೆ." ಅವರು ಬೆಕ್ಕಿನ ಕಿವಿ ಮುಟ್ಟಿ ನೋಡಿದರು. "ಆಗಿದ್ದಾಯ್ತು. ಈಗ ಆ ಅಮ್ಮನಿಗೆ ನಿಜ ಹೇಳು ಹೋಗು."

ನಾನು ಹೋದೆ, ಆದರೆ ನಿಜ ಹೇಳಲಿಲ್ಲ. ಗ್ಲೆಂಡಾ ಕಾರಿನ ಗಾಜು ಇಳಿಸಿದರು. ಪಕ್ಕದ ಸೀಟಿನಲ್ಲಿ ಅರ್ಧ ತಿಂದ ಸ್ಯಾಂಡ್‌ವಿಚ್ ಇತ್ತು.

"ಡಾಕ್ಟ್ರು ಸ್ವಲ್ಪ ತಡ ಮಾಡ್ತಾರೆ," ಎಂದೆ. "ಒಳಗೆ ಬಂದು ಕೂತ್ಕೊಳ್ಳಿ. ಬೆಚ್ಚಗಿದೆ."

"ಅದರ ಮೈಮೇಲೆ ಆ ಯಂತ್ರ ಇಟ್ರಾ?"

"ಯಾವ ಯಂತ್ರ?"

ಅವರು ನನ್ನನ್ನೇ ನೋಡಿದರು. ನಾನು ಅವರನ್ನೇ ನೋಡಿದೆ. ಅವರಿಗೆ ತಿಳಿದುಹೋಯಿತು ಎಂದು ನನಗೆ ತಿಳಿಯಿತು. ಆದರೂ ಅವರು ಓಡಿಹೋಗಲಿಲ್ಲ, ಅದೇ ನನಗೆ ಆಶ್ಚರ್ಯ. ಎಂಜಿನ್ ಆರಿಸಿ ನನ್ನ ಹಿಂದೆಯೇ ಒಳಗೆ ಬಂದು ಮೂಲೆಯ ಕುರ್ಚಿಯಲ್ಲಿ, ಕೋಟಿನ ಗುಂಡಿಯನ್ನೂ ಬಿಚ್ಚದೆ, ಒಂದೂಕಾಲು ಗಂಟೆ ಕೂತರು. ಕಾಫಿ ಕೊಟ್ಟೆ. ಮುಟ್ಟಲಿಲ್ಲ.

ಟೆರೇಸಾ ವಾಸ್ ಬಂದಾಗ ಮೈಮೇಲೆ ಇನ್ನೂ ಡ್ರೈವರಿನ ಹಳದಿ ಜಾಕೆಟ್ ಇತ್ತು. ನಲವತ್ತು ದಾಟಿದ, ಗಟ್ಟಿಮುಟ್ಟಾದ ಹೆಣ್ಣು. ಕೈಯಲ್ಲಿ ರಟ್ಟಿನ ಡಬ್ಬ. ಡಾಕ್ಟರ್ ಇಬ್ಬರನ್ನೂ ಒಳಕೋಣೆಗೆ ಕರೆದರು. ಟೆರೇಸಾ ಮೊಬೈಲಿನಲ್ಲಿದ್ದ ಹಳೆಯ ಫೋಟೋ ತೋರಿಸಿದಳು. ಕೆಂಪು ಸ್ವೆಟರಿನ ಹುಡುಗಿಯ ತೋಳಿನಲ್ಲಿ ಅದೇ ಬಿಳಿ ಮಚ್ಚೆ, ಅದೇ ಸೊಟ್ಟ ಬಾಲ. ಎರಡೂ ಕಿವಿ ಪೂರ್ತಿ ಇದ್ದವು.

"ಮನೆ ಬದಲಾಯಿಸ್ತಾ ಇದ್ವಿ," ಎಂದಳು. "ಗಡಿ ಹತ್ರ ಒಂದು ಪೆಟ್ರೋಲ್ ಬಂಕಲ್ಲಿ ಲಾರಿ ಬಾಗಿಲು ತೆಗೆದ ತಕ್ಷಣ ಹಾರಿ ಹೋಯ್ತು. ಆರು ವಾರ ನನ್ನ ಮಗಳು ಶನಿವಾರ ಭಾನುವಾರ ಆ ಬಂಕಿನ ಹಿಂದೆ ಮೀನಿನ ಡಬ್ಬಿ ಬಡ್ಕೊಂಡು ಕೂಗಿದಾಳೆ. ಗಡಿಯ ಆಚೆ ಈಚೆ ಊರಲ್ಲೆಲ್ಲ ಚೀಟಿ ಅಂಟಿಸಿದ್ವಿ." ಆಮೇಲೆ ಗ್ಲೆಂಡಾ ಕಡೆ ತಿರುಗಿದಳು. "ನೀವು ಒಂದು ಚೀಟೀನೂ ನೋಡ್ಲಿಲ್ವಾ ತಾಯಿ?"

ಗ್ಲೆಂಡಾ ಇಲ್ಲ ಎನ್ನುತ್ತಾರೆ ಎಂದುಕೊಂಡೆ. ಬೆಳಿಗ್ಗೆಯಿಂದ ಹೇಳಿದ ಸುಳ್ಳುಗಳ ಜೊತೆ ಇನ್ನೊಂದು, ಅದಕ್ಕೇನು ಕಷ್ಟ.

"ನೋಡ್ದೆ," ಎಂದರು. "ಬಟ್ಟೆ ಒಗೆಯೋ ಅಂಗಡೀಲಿ. ಏಪ್ರಿಲ್‌ನಲ್ಲಿ."

"ನೋಡಿ?"

"ಕಿತ್ಕೊಂಡೆ. ಮಡಚಿ ಚೀಲದಲ್ಲಿ ಹಾಕ್ಕೊಂಡೆ."

ಡಾಕ್ಟರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಜನವರೀಲಿ ನಮ್ಮ ಗರಾಜಿಗೆ ಬಂತು," ಗ್ಲೆಂಡಾ ಮೇಜನ್ನು ನೋಡಿಕೊಂಡೇ ಹೇಳಿದರು. "ಕಿವಿ ಹೆಪ್ಪುಗಟ್ಟಿತ್ತು. ಓರಿನ್ ಆಪರೇಷನ್ ಮುಗಿಸ್ಕೊಂಡು ಆಗಷ್ಟೇ ಮನೆಗೆ ಬಂದಿದ್ರು. ಮಾತೇ ಆಡ್ತಿರಲಿಲ್ಲ ಕಣಮ್ಮಾ ಅವರು. ಎರಡು ತಿಂಗಳು ಗೋಡೆ ನೋಡ್ಕೊಂಡು ಮಲಗಿದ್ರು. ಸೂಪ್ ಕೊಟ್ರೆ ಕುಡೀತಿದ್ರು, ತೆಗೆದ್ರೆ ಬಿಡ್ತಿದ್ರು. ಇದು ಹೋಗಿ ಅವರ ಕಾಲ ಮೇಲೆ ಮಲಗ್ತು. ಮೂರನೇ ದಿನ ಅವರು ಇದನ್ನ ಬೈದ್ರು. 'ಅತ್ಲಾಗೆ ಸರಿ, ದಪ್ಪಿ' ಅಂದ್ರು. ಅದೇ ಅವರ ಮೊದ್ಲ ಮಾತು. ಆಮೇಲೆ ನಂಗೆ ಆ ಚೀಟಿ ಕಾಣಿಸ್ತು. ಕಿತ್ಕೊಂಡೆ."

"ನನ್ನ ಮಗಳಿಗೆ ಹನ್ನೆರಡು ವರ್ಷ ಆಗ," ಟೆರೇಸಾ ಅಂದಳು.

"ಚೀಟೀಲಿ ಬರೆದಿತ್ತು. 'ದಯವಿಟ್ಟು, ನಮ್ಮ ಮಗಳು ಅಳ್ತಾ ಇದಾಳೆ' ಅಂತ."

"ಓದಿ ಕಿತ್ರಿ."

"ಓದಿ ಕಿತ್ತೆ."

"ಈಗ ಬೆರಳು ಬೇರೆ ಕತ್ತರಿಸೋಕೆ ತಂದಿದೀರಿ."

"ಅವರಿಗೆ ರಕ್ತ ನಿಲ್ಲಲ್ಲ. ಕಳೆದ ತಿಂಗಳು ಎರಡು ಸಲ ಆಸ್ಪತ್ರೆ. ಉಗುರು ಹೋದ್ರೆ ಬೆಕ್ಕು ಉಳಿಯುತ್ತೆ. ಅಷ್ಟೇ ನಾನು ಯೋಚ್ನೆ ಮಾಡಿದ್ದು."

"ಇಷ್ಟು ವರ್ಷ ಡಾಕ್ಟರ ಹತ್ರ ಯಾಕೆ ಹೋಗ್ಲಿಲ್ಲ ಅಂತ ಈಗ ಗೊತ್ತಾಯ್ತು," ಎಂದು ನಾನು ನಡುವೆ ಬಾಯಿ ಹಾಕಿದೆ. ಡಾಕ್ಟರ್ ನನ್ನನ್ನು ನೋಡಿದ ನೋಟಕ್ಕೆ ಸುಮ್ಮನಾದೆ.

ಬೆಕ್ಕು ಅಷ್ಟರಲ್ಲಿ ಇಬ್ಬರ ಹತ್ತಿರವೂ ಹೋಗದೆ ಕೈತೊಳೆಯುವ ಬೇಸಿನ್ನಿನ ಕೆಳಗಿನ ಕಪಾಟಿನೊಳಗೆ ನುಸುಳಿತ್ತು. ನಾನೇ ಮಂಡಿಯೂರಿ ಎಳೆದು ತೆಗೆಯಬೇಕಾಯಿತು. ಕಾನೂನಿನ ಪ್ರಕಾರ ಬೆಕ್ಕು ಟೆರೇಸಾದು, ಅದರಲ್ಲಿ ಎರಡು ಮಾತಿರಲಿಲ್ಲ. ಆಕೆ ರಟ್ಟಿನ ಡಬ್ಬ ತೆರೆದಳು. ಗ್ಲೆಂಡಾ ತಮ್ಮ ಬುಟ್ಟಿಯನ್ನೇ ಮುಂದೆ ತಳ್ಳಿದರು, ಟವೆಲಿನ ಸಮೇತ.

"ಇದರ ಮೇಲೆ ಮುಚ್ಚಿ. ಕಿಟಕಿ ಕಂಡ್ರೆ ಕಾರಲ್ಲಿ ವಾಂತಿ ಮಾಡ್ಕೋತಾಳೆ," ಎಂದರು. ಟೆರೇಸಾ ಬೇಡ ಎನ್ನಲಿಲ್ಲ, ಥ್ಯಾಂಕ್ಸ್ ಎಂದೂ ಹೇಳಲಿಲ್ಲ. ಎತ್ತಿಕೊಂಡು ಹೊರಟಳು. ಗ್ಲೆಂಡಾ ಬರಿಗೈಯಲ್ಲಿ ಕಾರಿನ ಕಡೆ ನಡೆದರು. ಕೋಟಿನ ಗುಂಡಿ ಇನ್ನೂ ಹಾಕಿದ್ದಂತೆಯೇ ಇತ್ತು.

ಆ ದಿನ ನನ್ನ ಅನುಮಾನ ನಿಜವಾಯಿತಲ್ಲ ಎಂದು ನಾನು ಖುಷಿ ಪಡಬೇಕಿತ್ತು. ಅದರ ಬದಲು ಹೊಸ ಅನುಮಾನಗಳು ಬಂದವು. ಓರಿನ್ ಎಂಬ ಗಂಡ ನಿಜವಾಗಿ ಇದ್ದಾನೆಯೇ? ಸಿಕ್ಕಿಬಿದ್ದವರು ಕರುಣೆ ಬರುವಂಥ ಕತೆ ಕಟ್ಟುವುದು ನಾನು ಕಾಣದ್ದೇನಲ್ಲ. ಇನ್ನು ಟೆರೇಸಾ? ಆಕೆ ಒಮ್ಮೆಯೂ ಬೆಕ್ಕಿನ ತಲೆ ಸವರಲಿಲ್ಲ. ಆಕೆಗೆ ಬೇಕಿದ್ದದ್ದು ಬೆಕ್ಕೋ, ಆ ಹೆಂಗಸಿನ ಮುಖವೋ?

ಎಂಟು ದಿನಕ್ಕೆ ಓರಿನ್ ಟಟ್ಲ್ ತಾವಾಗಿ ಬಂದರು. ಎತ್ತರದ, ಒಣಗಿದ ಮನುಷ್ಯ. ಅಂಗಿಯ ತೋಳು ಮಡಚಿ ಮೇಜಿನ ಮೇಲೆ ಕೈ ಇಟ್ಟರು. ಮೊಣಕೈಯಿಂದ ಬೆರಳವರೆಗೆ ನೇರಳೆ ಬಣ್ಣದ ಕಲೆಗಳು, ಮೂರು ಕಡೆ ಪಟ್ಟಿ. ನನಗೆ ನಾಚಿಕೆಯಾಯಿತು.

"ನೀವೇನಾ ಫೋನ್ ಮಾಡಿದ್ದು?" ಎಂದರು.

"ಹೌದು."

"ನನ್ನ ಹೆಂಡ್ತಿ ಚುಚ್ಚುಮದ್ದು ಹಾಕ್ಸೋಕೆ ಹೋಗ್ತೀನಿ ಅಂದಿದ್ಲು. ಉಗುರಿನ ವಿಷಯ ನಂಗೆ ಗೊತ್ತಿರಲಿಲ್ಲ. ಗೊತ್ತಾಗಿದ್ರೆ ಬಿಡ್ತಿರಲಿಲ್ಲ. ಆ ಚೀಟಿ ವಿಷ್ಯಾನೂ ಗೊತ್ತಿರಲಿಲ್ಲ. ನಲವತ್ತೊಂದು ವರ್ಷ ಸಂಸಾರ ಮಾಡಿದೀನಿ, ಈಗ ಅವಳು ಬಾಯಿ ತೆಗೆದ್ರೆ ಇದು ನಿಜವೋ ಸುಳ್ಳೋ ಅಂತ ನೋಡ್ತಾ ಕೂತಿರ್ತೀನಿ. ನಮ್ಮ ಮನೆ ಈಗ ಹಾಗಿದೆ."

ಕುರ್ಚಿ ಎಳೆದು ಕೊಟ್ಟೆ. ಅವರು ಕೂರಲಿಲ್ಲ.

"ವಾಪಸ್ ಕೊಡ್ಸಿ ಅಂತ ಬಂದಿಲ್ಲ. ಊಟ ಮಾಡ್ತಾ ಇದೆಯಾ ಕೇಳಿ, ಅಷ್ಟು ಸಾಕು. ಬಾಲದ ಬುಡದಲ್ಲಿ ಕೆರೀತಾ ಇರ್ಬೇಕು, ಆಗ ತಿನ್ನುತ್ತೆ. ಇಲ್ದಿದ್ರೆ ತಟ್ಟೆ ನೋಡ್ಕೊಂಡು ಕೂತಿರುತ್ತೆ. ಅವರಿಗೆ ಇದು ಗೊತ್ತಿರಲ್ಲ."

ಟೆರೇಸಾ ನಂಬರ್ ಅವರಿಗೆ ಕೊಡುವಂತಿರಲಿಲ್ಲ, ನಾನೇ ಫೋನ್ ಮಾಡಿ ಓರಿನ್ ಬಂದದ್ದನ್ನು ಹೇಳಿದೆ. ಟೆರೇಸಾ ಸುಸ್ತಾದ ದನಿಯಲ್ಲಿ ಮಾತಾಡಿದಳು. ಬೆಕ್ಕು ಎಂಟು ದಿನದಿಂದ ಬಟ್ಟೆ ಒಣಗಿಸುವ ಯಂತ್ರದ ಹಿಂದೆ ಕೂತಿದೆಯಂತೆ. ಮನೆಯಲ್ಲಿ ಈಗ ಎರಡು ನಾಯಿ. ತಿಂದದ್ದು ಒಂದು ಹಿಡಿಯಷ್ಟೂ ಇಲ್ಲ.

"ಮಗಳು ನೋಡಿ ಏನಂದ್ಲು?" ಎಂದು ಕೇಳಿದೆ.

"ಅವಳಿಗೀಗ ಹದಿನಾರು. ಬಗ್ಗಿ ನೋಡಿದ್ಲು. 'ಅಮ್ಮಾ, ಅವಳಿಗೆ ನನ್ನ ಗುರ್ತೇ ಇಲ್ಲ' ಅಂದು ರೂಮಿಗೆ ಹೋದ್ಲು. ರಾತ್ರಿ ಊಟಕ್ಕೆ ಬರಲಿಲ್ಲ." ಆಮೇಲೆ, "ಆ ಮನುಷ್ಯನ್ನ ಆ ಹೆಂಗಸೇ ಕಳಿಸಿದ್ದಾ?" ಎಂದಳು.

"ನಂಗೆ ಹಾಗನ್ನಿಸಲಿಲ್ಲ."

"ಮೊದ್ಲ ದಿನ ನಿಮಗೆ ಇನ್ನೇನೋ ಅನ್ನಿಸಿತ್ತು."

ಬಾಲದ ಬುಡದ ವಿಷಯ ಹೇಳಿದೆ. ಮೂರು ದಿನ ಬಿಟ್ಟು ಆಕೆಯೇ ಫೋನ್ ಮಾಡಿದಳು. ಬಾಲದ ಬುಡ ಕೆರೆದರೆ ತಿನ್ನುವುದು ನಿಜವಂತೆ, ಆದರೆ ತಿಂದು ಮತ್ತೆ ಯಂತ್ರದ ಹಿಂದೆ ಹೋಗುತ್ತದಂತೆ. "ಭಾನುವಾರ ಅದನ್ನ ಅವರ ಮನೆಗೆ ಕರ್ಕೊಂಡು ಹೋಗ್ತೀನಿ, ಅವರನ್ನ ಕೇಳಿ ವಿಳಾಸ ಕೊಡಿ. ಆಸ್ಪತ್ರೇಲಿ ಬೇಡ, ಮನೇನೇ ನೋಡ್ಬೇಕು. ಹೇಗಿಟ್ಕೊಂಡಿದ್ರು ನೋಡ್ಬೇಕು. ನೀವೂ ಬನ್ನಿ. ನಾಳೆ ಆಕೆ ನಾನು ಹೇಳಿದ್ದನ್ನ ಹೇಳಿಲ್ಲ ಅಂದ್ರೆ ಸಾಕ್ಷಿ ಬೇಕು."

ಭಾನುವಾರ ಚರ್ಚು ಮುಗಿಸಿಕೊಂಡು ಹೋದೆ. ಸಣ್ಣ ಮನೆ, ಹಸಿರು ಬಾಗಿಲು. ಗ್ಲೆಂಡಾ ಬಾಗಿಲು ತೆಗೆದು ಟೆರೇಸಾಗೆ ಒಳಗೆ ಬನ್ನಿ ಎಂದರು. ನನಗೆ ಏನೂ ಹೇಳಲಿಲ್ಲ, ನಾನು ಹಿಂದೆಯೇ ಹೋದೆ. ಸೋಫಾದ ಎರಡೂ ತೋಳು ಕಿತ್ತು ನೂಲು ನೂಲಾಗಿದ್ದವು. ಅದನ್ನು ಮುಚ್ಚಿಡುವ ಗೋಜಿಗೂ ಯಾರೂ ಹೋಗಿರಲಿಲ್ಲ. ಟೆರೇಸಾ ಅದನ್ನು ನೋಡಿದ್ದನ್ನು ನಾನು ನೋಡಿದೆ. ಸೋಫಾದ ಆಸೆಗೆ ಉಗುರು ತೆಗೆಸುವವರ ಮನೆ ಅಲ್ಲ ಅದು.

ಬುಟ್ಟಿ ತೆರೆದಾಗ ಬೆಕ್ಕು ಯಾರ ಹತ್ತಿರವೂ ಓಡಲಿಲ್ಲ. ಹೀಟರಿನ ಪಕ್ಕ ನಮಗೆಲ್ಲ ಬೆನ್ನು ಹಾಕಿ ಕೂತು ಕಾಲು ನೆಕ್ಕಿತು. ಓರಿನ್ ಕರೆಯಲೂ ಇಲ್ಲ. ಹಳೆಯ ಕುರ್ಚಿಯಲ್ಲಿ ಕೂತು, ಬೆಸುಗೆ ಕೆಲಸದವರು ಹಾಕುವ ಚರ್ಮದ ತೋಳುಚೀಲವನ್ನು ಎರಡೂ ಕೈಗೆ ಏರಿಸಿಕೊಂಡರು. ಆ ವಾರವಷ್ಟೇ ಹುಡುಕಿ ತಂದಿದ್ದರಂತೆ. ಬೆಕ್ಕು ಕಾಲು ನೆಕ್ಕಿ ಮುಗಿಸಿ, ಸುತ್ತು ಹಾಕಿಕೊಂಡು ಹೋಗಿ ಅವರ ತೊಡೆ ಹತ್ತಿತು. ಚರ್ಮದ ಮೇಲೆ ಉಗುರು ಊರಿ ತುಳಿಯತೊಡಗಿತು.

"ಅತ್ಲಾಗೆ ಸರಿ, ದಪ್ಪಿ," ಎಂದರು ಓರಿನ್.

ಟೆರೇಸಾ ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತಳು. ಮತ್ತೆ ತಿರುಗಿದಾಗ ದನಿ ಗಟ್ಟಿಯಾಗಿತ್ತು.

"ಇಲ್ಲೇ ಇರ್ಲಿ. ಆದ್ರೆ ಉಗುರು ಮುಟ್ಟೋ ಹಾಗಿಲ್ಲ. ಎರಡು ವಾರಕ್ಕೊಂದ್ಸಲ ತುದಿ ಕತ್ತರಿಸೋಕೆ ರೋಂಡಾ ಹತ್ರ ಹೋಗ್ಬೇಕು. ಚಿಪ್ ನನ್ನ ಹೆಸರಲ್ಲೇ ಇರುತ್ತೆ. ಯಾವ ಡಾಕ್ಟರ ಹತ್ರ ಕರ್ಕೊಂಡು ಹೋದ್ರೂ ಮೊದ್ಲು ನಂಗೆ ಫೋನ್ ಬರ್ಬೇಕು."

"ನಮ್ಮನ್ನ ನಂಬಲ್ಲ ನೀವು," ಗ್ಲೆಂಡಾ ಅಂದರು.

"ಹೇಗೆ ನಂಬ್ಲಿ ಹೇಳಿ?"

"ಸರಿಯೇ ಅದು. ನಾನೂ ನಿಮ್ಮನ್ನ ನಂಬಲ್ಲ. ಒಂದಿನ ಮನಸ್ಸು ಬದಲಾಗಿ ಬಂದು ಎತ್ಕೊಂಡು ಹೋಗ್ತೀರಿ."

"ಹೋದ್ರೂ ಹೋಗ್ಬಹುದು," ಎಂದಳು ಟೆರೇಸಾ. "ನನ್ನ ಬೆಕ್ಕು."

ಇಬ್ಬರೂ ಒಪ್ಪಿದರು. ಅಡುಗೆಮನೆಯಿಂದ ಆಪಲ್ ಪೈ ವಾಸನೆ ಬರುತ್ತಿತ್ತು. ಯಾರೂ ತಿನ್ನಿ ಎನ್ನಲಿಲ್ಲ, ಯಾರೂ ಕೇಳಲೂ ಇಲ್ಲ.

ಎಲ್ಲ ಸುಖಾಂತ್ಯವಾಯಿತು ಎಂದರೆ ಸುಳ್ಳಾಗುತ್ತದೆ. ಆಗಸ್ಟಿನಲ್ಲಿ ಸೆಕೆಗೆ ಓರಿನ್ ತೋಳುಚೀಲ ತೆಗೆದಿಟ್ಟಿದ್ದಾಗ ಹೊರಗೆ ಗುಡುಗಿತು. ಬೆಕ್ಕು ಬೆದರಿ ಹಾರುವಾಗ ಅವರ ಮಣಿಕಟ್ಟಿನ ಮೇಲೆ ಉದ್ದಕ್ಕೆ ಸೀಳಿತು. ಒಂಬತ್ತು ಹೊಲಿಗೆ, ಎರಡು ದಿನ ಆಸ್ಪತ್ರೆ. ಗ್ಲೆಂಡಾ ನಮ್ಮ ಡಾಕ್ಟರಿಗೆ ಫೋನ್ ಮಾಡಿ ಉಗುರು ತೆಗೆದುಬಿಡಿ ಎಂದು ಕೇಳಬಹುದಿತ್ತು. ನಾನು ಅದನ್ನೇ ಕಾಯುತ್ತಿದ್ದೆ. ಅವರು ಫೋನ್ ಮಾಡಿದ್ದು ಟೆರೇಸಾಗೆ. ಇಬ್ಬರೂ ಒಂದು ಗಂಟೆ ಮಾತಾಡಿದರಂತೆ. ಏನು ಮಾತಾಡಿದರು ಎಂದು ನನಗೆ ಇಬ್ಬರೂ ಹೇಳಲಿಲ್ಲ. ಉಗುರು ಉಳಿಯಿತು. ಬೆಕ್ಕೂ ಅಲ್ಲೇ ಉಳಿಯಿತು.

ಡಾಕ್ಟರ್ ಸ್ಟಾಲ್ ಆ ಕೆಲಸ ಪೂರ್ತಿ ನಿಲ್ಲಿಸಲಿಲ್ಲ. ನಿಲ್ಲಿಸಿ ಎಂದು ನಾನು ಕೇಳಿದೆ. ಯೋಚಿಸುತ್ತೇನೆ ಎಂದರು. ಆ ವರ್ಷ ಮತ್ತೆ ಹನ್ನೊಂದು ಬೆಕ್ಕಿಗೆ ಮಾಡಿದರು, ಹನ್ನೊಂದಕ್ಕೂ ಕಾಲು ಹಿಡಿದವಳು ನಾನೇ. ಈಗ ಚಿಪ್ ನೋಡಿ ಬೇರೆ ಹೆಸರು ಬಂದರೆ ಮೊದಲು ಎದುರಿಗಿರುವವರನ್ನು ಕೂರಿಸಿಕೊಂಡು ಕೇಳುತ್ತೇನೆ. ಆದರೂ ನ್ಯೂಯಾರ್ಕಿನ ಕಾರು ಕಂಡರೆ ಕಣ್ಣು ತಾನಾಗಿ ಅದರ ಮೇಲೆ ಹೋಗುತ್ತದೆ. ಅದು ನನ್ನಿಂದ ಹೋಗಿಲ್ಲ.

ಪೆಬಲ್‌ಗೆ ಎರಡು ವಾರಕ್ಕೊಮ್ಮೆ ಶನಿವಾರ ನಾನೇ ಉಗುರಿನ ತುದಿ ಕತ್ತರಿಸುತ್ತೇನೆ. ಗ್ಲೆಂಡಾ ಬುಟ್ಟಿಯನ್ನು ಮೇಜಿನ ಮೇಲೆ ಇಡುತ್ತಾರೆ, ಒಂದು ಕೈ ಅದರ ಹಿಡಿಯ ಮೇಲೇ ಇರುತ್ತದೆ. "ಇವತ್ತು ಯಾರಿಗೆ ಫೋನ್ ಮಾಡ್ತೀರಿ?" ಎಂದು ಕೇಳುತ್ತಾರೆ. ನಗುತ್ತಲೇ ಕೇಳುತ್ತಾರೆ. ಹಿಂದಿನ ಕೋಣೆಗೆ ಮಾತ್ರ ನನ್ನ ಜೊತೆಗೇ ಬರುತ್ತಾರೆ. ಮೂರು ವರ್ಷವಾಯಿತು, ಆ ಬೆಕ್ಕನ್ನು ಅವರು ಒಂದು ಸಲವೂ ನನ್ನ ಜೊತೆ ಒಂಟಿಯಾಗಿ ಬಿಟ್ಟಿಲ್ಲ.